ವಗೈರೆಯ ಒಳಗೆ ಯಾರಿದ್ದಾರೆ?

ತಿಪಟೂರಿನ ಕೊಬ್ಬರಿ ಮಂಡಿಯ ಲೆಕ್ಕದ ಚೀಟಿಯಲ್ಲಿ, ತುರುವೇಕೆರೆಯ ಕ್ರಯಪತ್ರಗಳಲ್ಲಿ, ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಯ ಹಳೆಯ ಕಡತಗಳಲ್ಲಿ ಎದುರಾಗುತ್ತಲೇ ಇರುವ ಪದ ಒಂದಿದೆ: ವಗೈರೆ. 'ಹಮಾಲಿ ವಗೈರೆ.' 'ತೆಂಗು, ಹಲಸು, ಮಾವು ವಗೈರೆ ಮರಗಳು.' 'ಇಂಥವರು ಬಿನ್ ಇಂಥವರು ವಗೈರೆ.' ಇದರ ಅರ್ಥ ಏನು ಅಂತ ಕೇಳಿದರೆ ಯಾರೂ ತಡವರಿಸುವುದಿಲ್ಲ. 'ಅದೇ ಸ್ವಾಮಿ, ಇನ್ನುಳಿದದ್ದು' ಅಂತಾರೆ. ಇನ್ನುಳಿದದ್ದು ಅಂದರೆ ಏನೇನು, ಯಾರ್ಯಾರು ಅಂತ ಮುಂದಕ್ಕೆ ಕೇಳಿದರೆ ಮಾತ್ರ ಮಾತು ಅಲ್ಲಿಗೆ ನಿಲ್ಲುತ್ತದೆ. ಹೇಳದೆ ಬಿಟ್ಟದ್ದನ್ನು ಸೂಚಿಸುವುದಕ್ಕೆಂದೇ ಇರುವ ಪದ ಇದು. ಆದರೆ ಏನನ್ನೂ ಸೂಚಿಸುವುದಿಲ್ಲ. ಕೈಬಿಟ್ಟಿದ್ದೇವೆ ಎನ್ನುವುದನ್ನಷ್ಟೇ ಸೂಚಿಸುತ್ತದೆ.

ಪದ ಮೂಲದಲ್ಲಿ ನಮ್ಮದಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರ್ಸಿ ದಫ್ತರದಲ್ಲಿ ಬೆಳೆದು, ಇನಾಮು, ಜಮಾಬಂದಿ, ಖರಾಬು, ಬಿನ್ ಇವುಗಳ ಜೊತೆಯಲ್ಲಿ ಕನ್ನಡದ ಕಚೇರಿಗೆ ಬಂದು ಕೂತಿದೆ. 'ವ' ಅಂದರೆ ಮತ್ತು. 'ಗೈರ್' ಅಂದರೆ ಬೇರೆಯದು, ಅಲ್ಲದ್ದು, ಹೊರಗಿನದು. ಅದೇ ಗೈರ್ ನಮ್ಮ ಗೈರುಹಾಜರಿಯಲ್ಲೂ ಇದೆ. ಈ ನಂಟನ್ನು ಗಮನಿಸಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದ ಹುಡುಗನಿಗೆ ಒಂದು ಹೆಸರಾದರೂ ಇರುತ್ತದೆ, ಹೆಸರಿನ ಮುಂದೆ ಒಂದು ಗೀಟಾದರೂ ಇರುತ್ತದೆ. ವಗೈರೆಯಲ್ಲಿ ಸೇರಿಹೋದವನಿಗೆ ಹೆಸರೂ ಇಲ್ಲ, ಗೀಟೂ ಇಲ್ಲ. ಅವನು ಹಾಜರಿದ್ದೇ ಗೈರು.

ಹಾಗಂತ ಪಾರ್ಸಿಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಸಂಸ್ಕೃತದ 'ಇತ್ಯಾದಿ'ಯನ್ನು ನೋಡಿ. ಇತಿ, ಆದಿ. 'ಹೀಗೆ ಶುರುವಾಗುವಂಥವು' ಎಂದರ್ಥ. ಅಚ್ಚ ಕನ್ನಡದ 'ಮೊದಲಾದ' ಎಂಬುದೂ ಅದೇ: ಇದನ್ನು ಮೊದಲಾಗಿ ಉಳ್ಳವು. 'ಮುಂತಾದ' ಎಂಬುದೂ ಅದೇ: ಇದನ್ನು ಮುಂದೆ ಇಟ್ಟುಕೊಂಡವು. ಮೂರು ಪದಗಳ ಒಳಗೂ ಒಂದೇ ಚಿತ್ರ ಇದೆ. ಒಂದು ಸಾಲು ನಿಂತಿದೆ. ಮುಂದೆ ನಿಂತವನ ಮುಖ ಕಾಣುತ್ತದೆ, ಅವನ ಹೆಸರು ಹೇಳಿದರೆ ಸಾಕು. ಹಿಂದೆ ನಿಂತವರು ಅವನ ಬೆನ್ನಿನಲ್ಲಿ ಅಡಗಿರುತ್ತಾರೆ. ಯಾರು ಮುಂದೆ ನಿಂತಿರುತ್ತಾರೆ ಅನ್ನುವುದು ವ್ಯಾಕರಣದ ಪ್ರಶ್ನೆ ಅಲ್ಲ. ನಮ್ಮ ಊರುಗಳಲ್ಲಿ ಸಾಲು ನಿಲ್ಲುವ ಕ್ರಮ ಬೇರೆ ಕಡೆ ತೀರ್ಮಾನವಾಗಿರುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಯಾವುದೇ ಸಮಾರಂಭದ ಸುದ್ದಿ ಓದಿ: ಸ್ವಾಮೀಜಿ, ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, 'ಮುಂತಾದವರು ಉಪಸ್ಥಿತರಿದ್ದರು'. ಪೆಂಡಾಲಿಗೆ ಗುಂಡಿ ತೋಡಿದವನು ಆ ಮುಂತಾದವರಲ್ಲೂ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದು ತನಗಿಂತ ಹಿಂದಿನ ಗದ್ಯಕಾರರನ್ನು ಹೆಸರಿಸುತ್ತಾ ದುರ್ವಿನೀತನವರೆಗೆ ಬಂದು ಒಂದು 'ಆದಿ' ಹಾಕಿ ನಿಲ್ಲಿಸುತ್ತದೆ. ಪದ್ಯಕಾರರನ್ನು ಹೆಸರಿಸುತ್ತಾ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎಂದು ಹೇಳಿ ಅಲ್ಲೂ ಒಂದು 'ಆದಿ' ಹಾಕುತ್ತದೆ. ಈ ಹೆಸರಿನವರು ಯಾರು, ಏನು ಬರೆದರು, ಅದೆಲ್ಲ ಎಲ್ಲಿ ಹೋಯಿತು ಎಂದು ನಮ್ಮ ಪಂಡಿತರು ಒಂದು ಶತಮಾನ ತಲೆ ಕೆಡಿಸಿಕೊಂಡಿದ್ದಾರೆ. ಕೆಡಿಸಿಕೊಳ್ಳಲಿ, ಅದು ಬೇಕಾದ ಕೆಲಸವೇ. ಆದರೆ ಒಂದು ಆದಿಯ ಹಿಂದೆ ಅಡಗಿದ ಕವಿಗಳಿಗಾಗಿ ಇಷ್ಟು ಹುಡುಕಾಡಿದ ವಿದ್ವತ್ತು, ಸಾವಿರಾರು ಕಾಗದಗಳ ವಗೈರೆಯಲ್ಲಿ ಅಡಗಿದ ಜನ ಯಾರು ಅಂತ ಒಂದು ಸಲವೂ ಕೇಳಲಿಲ್ಲವಲ್ಲ, ಇದು ನನ್ನ ತಕರಾರು.

ಆಡುಮಾತು ಈ ಕೆಲಸವನ್ನು ಇನ್ನೂ ಸಲೀಸಾಗಿ ಮಾಡುತ್ತದೆ. ನಮ್ಮ ಕಡೆ ವಗೈರೆ ಅಂತ ಬಾಯಲ್ಲಿ ಹೇಳುವವರು ಕಡಿಮೆ. ಅದು ಬರೆಯುವವರ ಪದ. ಬಾಯಲ್ಲಿ ಬರುವುದು 'ಗಿ'. ಕಾಯಿಗೀಯಿ, ಕೊಬ್ರಿಗಿಬ್ರಿ, ಊಟಗೀಟ, ದುಡ್ಡುಗಿಡ್ಡು. ಮೊದಲಕ್ಷರ ಕಿತ್ತು ಗಿ ಹಚ್ಚಿದರೆ ಆಯಿತು, ಇಡೀ ಲೋಕ ಅದರೊಳಗೆ ಬಂತು. ವ್ಯಾಕರಣದವರು ಇದನ್ನು ಪ್ರತಿಧ್ವನಿ ಪದ ಅಂತಾರೆ. ತಮಾಷೆಯ ಪ್ರಯೋಗವೇ ಹೌದು. ಆದರೆ ಅದೇ ಗಿ ಮನುಷ್ಯರಿಗೆ ಹತ್ತಿದಾಗ ತಮಾಷೆ ಮುಗಿಯುತ್ತದೆ. 'ಹೊಲೇರು ಗಿಲೇರು ಯಾರೂ ಈ ಕಡೆ ಬರಂಗಿಲ್ಲ' ಅಂದಾಗ ಗಿ ಅನ್ನುವುದು 'ಮತ್ತು ಇತರರು' ಅಲ್ಲ, ತಿರಸ್ಕಾರ. ಇನ್ನೊಂದು ಜಾತಿಯ ಜೋಡಿಪದಗಳಿವೆ: ಬಟ್ಟೆಬರೆ, ದನಕರು, ಮನೆಮಠ. ಅದೇ ಸಾಲಿನಲ್ಲಿ ಕೂಲಿನಾಲಿ. ಅದೇ ಸಾಲಿನಲ್ಲಿ ಆಳುಕಾಳು. ಆಳು ಎಂಬ ಮನುಷ್ಯನ ಪಕ್ಕ ಕಾಳು ಹೇಗೆ ಬಂದು ಕೂತಿತೋ! ಇಬ್ಬರನ್ನೂ ಮೊರದಲ್ಲಿ ಹಾಕಿ ಕೇರಿದ ಹಾಗೆ ಕೇಳಿಸುತ್ತದೆ.

ಎಲ್ಲಿ ವಗೈರೆ ಬರುತ್ತದೆ ಎನ್ನುವುದಕ್ಕಿಂತ ಎಲ್ಲಿ ಬರುವುದಿಲ್ಲ ಎನ್ನುವುದು ಮುಖ್ಯ. ಭೂಮಿ ಮಾರುವ ಕ್ರಯಪತ್ರದಲ್ಲಿ ಇವತ್ತಿಗೂ ಒಂದು ಹಳೆಯ ಮಾತು ಬರುತ್ತದೆ. ಶಾಸನಗಳ ಕಾಲದಿಂದ ಬಂದ ಮಾತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ: ಇವು ಅಷ್ಟಭೋಗ. ನೆಲದಡಿ ಹೂತಿಟ್ಟ ಹೊನ್ನು ಇದ್ದರೆ ಅದು, ನೀರು, ಕಲ್ಲು, ಈಗಾಗಲೇ ಬರುತ್ತಿರುವ ಹುಟ್ಟುವಳಿ, ಮುಂದೆ ಎಂದೋ ಬರಬಹುದಾದ ಹುಟ್ಟುವಳಿ, ಎಲ್ಲವನ್ನೂ ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಾರೆ. ಇನ್ನೂ ಹುಟ್ಟದೆ ಇರುವುದಕ್ಕೂ ಅಲ್ಲಿ ಒಂದು ಹೆಸರಿದೆ. ಸ್ವತ್ತಿನ ವಿಷಯ ಬಂದಾಗ ನಮ್ಮ ಭಾಷೆಗೆ ಎಂಥ ನೆನಪು, ಎಂಥ ಎಚ್ಚರ! ಅಲ್ಲಿ ವಗೈರೆ ಹಾಕಿದರೆ ನಾಳೆ ದಾವೆ ಬೀಳುತ್ತದೆ. ಆ ನೆಲವನ್ನು ಅಗೆದವನ ಹೆಸರು ಬಿಟ್ಟುಹೋದರೆ ಯಾವ ದಾವೆಯೂ ಬೀಳುವುದಿಲ್ಲ.

ತೆಂಗಿನ ವಿಷಯವೂ ಹೀಗೇ. ಕಲ್ಪತರು ನಾಡು ಅಂತ ನಮ್ಮ ಜಿಲ್ಲೆಗೆ ಬಿರುದು. ಶಾಲೆಯ ಮಕ್ಕಳು ತೆಂಗಿನ ಮರದ ಮೇಲೆ ಪ್ರಬಂಧ ಬರೆದರೆ ಗರಿ, ಎಳನೀರು, ಕಾಯಿ, ಚಿಪ್ಪು, ಮಟ್ಟೆ, ನಾರು, ಕಡ್ಡಿ, ಕಾಂಡ ಎಲ್ಲ ಬರುತ್ತದೆ. ಮರದಲ್ಲಿ ಯಾವುದೂ ವ್ಯರ್ಥವಲ್ಲ ಅಂತ ಮುಗಿಯುತ್ತದೆ. ಪಹಣಿಯಲ್ಲಿ ಮರದ ಜಾತಿ, ಮರದ ಸಂಖ್ಯೆ ಬರೆಯುವುದಕ್ಕೆ ಜಾಗ ಇದೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುವಾಗ ಉಂಡೆ ಕೊಬ್ಬರಿ ಬೇರೆ, ಎಣ್ಣೆ ತೆಗೆಯುವ ಕೊಬ್ಬರಿ ಬೇರೆ ಎಂದು ಎರಡು ಹೆಸರು ಹೇಳುತ್ತದೆ: 2025ರ ಹಂಗಾಮಿಗೆ ಕ್ವಿಂಟಾಲಿಗೆ ಮೊದಲನೆಯದಕ್ಕೆ 12,100 ರೂಪಾಯಿ, ಎರಡನೆಯದಕ್ಕೆ 11,582. ಕೊಬ್ಬರಿಗೆ ಎರಡು ಜಾತಿ ಇದೆ ಅಂತ ದೆಹಲಿಗೂ ಗೊತ್ತು. ಆದರೆ ಕಾಯಿ ಕೀಳುವವನು, ಅಟ್ಟಕ್ಕೆ ಹೊರುವವನು, ತಿಂಗಳುಗಟ್ಟಲೆ ಒಣಗಿದ ಮೇಲೆ ಇಳಿಸಿ ಮಟ್ಟೆ ಸುಲಿಯುವವನು, ಚಿಪ್ಪು ಒಡೆದು ಗಿಟುಕು ಸೀಳದ ಹಾಗೆ ಬಿಡಿಸುವ ಹೆಂಗಸು, ಇವರೆಲ್ಲ ಲೆಕ್ಕದ ಪುಸ್ತಕದಲ್ಲಿ 'ಕೂಲಿ ವಗೈರೆ ಖರ್ಚು' ಎಂಬ ಒಂದು ಸಾಲು.

ಆ ಸಾಲಿನ ಪರಿಣಾಮ ಏನು ಎಂದು ಒಂದು ಕಾನೂನಿನಲ್ಲಿ ನೋಡಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನಿಗೆ ಭೂಮಿ ಎಂದಿತು. ದೇವರಾಜ ಅರಸು ಮಾಡಿದ್ದು ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡುವ ಇರಾದೆ ನನಗಿಲ್ಲ. ಆದರೆ ಕಾನೂನಿನ ಕಣ್ಣಿಗೆ ಉಳುವವನು ಎಂದರೆ ಗೇಣಿದಾರ. ನಮೂನೆ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾದರೆ ಪಹಣಿಯ ಸಾಗುವಳಿದಾರನ ಕಾಲಂನಲ್ಲಿ ಹೆಸರಿರಬೇಕು, ಇಲ್ಲ ಗೇಣಿಯ ರುಜುವಾತು ಇರಬೇಕು, ಸಾಕ್ಷಿ ನುಡಿಯುವವರಿರಬೇಕು. ತೋಟಕ್ಕೆ ನೀರು ಕಟ್ಟಿದ ಜೀತದಾಳಿನ ಹೆಸರು ಯಾವ ಕಾಲಂನಲ್ಲಿತ್ತು? ವಗೈರೆಗೆ ನಮೂನೆ 7 ಇರಲಿಲ್ಲ. ಭೂಮಿ ಗೇಣಿದಾರನಿಗೆ ಬಂತು. ಅವನ ಹೊಲದಲ್ಲಿ ಕೂಲಿಯವನು ಕೂಲಿಯವನಾಗಿಯೇ ಮುಂದುವರಿದ. ಹೆಸರು ಬರೆಯದೆ ಇರುವುದು ಬರೀ ಮರೆವಲ್ಲ, ಅದಕ್ಕೆ ಎಕರೆಯ ಲೆಕ್ಕದಲ್ಲಿ ಬೆಲೆ ಇದೆ ಅಂತ ಇದರಿಂದ ತಿಳಿಯುತ್ತದೆ. ಮರೆವಲ್ಲ ಅನ್ನುವುದಕ್ಕೆ ಇನ್ನೊಂದು ಗುರುತು: ಪೊಲೀಸ್ ಠಾಣೆಯ ಎಫ್‌ಐಆರ್‌ನಲ್ಲಿ ನಾಲ್ಕು ಹೆಸರು ಬರೆದು 'ಮತ್ತು ಇತರರು' ಎಂದು ಸೇರಿಸಿದರೆ, ಆ ಇತರರಲ್ಲಿ ಯಾರನ್ನು ಬೇಕಾದರೂ ತುಂಬಬಹುದು. ಕೇರಿಯವರ ಮೇಲೆ ಕೇಸಾದಾಗ ಆ ಪದ ಗಂಡಸರನ್ನೆಲ್ಲ ಊರು ಬಿಡಿಸುವಷ್ಟು ಹಿಗ್ಗುತ್ತದೆ. ಕೊಡುವಾಗ ಕುಗ್ಗುವ ವಗೈರೆ ಹಿಡಿಯುವಾಗ ಹಿಗ್ಗುತ್ತದೆ.

ಇಷ್ಟು ಕಾಗದದ ಮಾತಾಯಿತು. ಸಾಹಿತ್ಯ ವಿಮರ್ಶೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಈಗ ಉತ್ತರ ಕೊಡಬೇಕು.

ಹೇಳದೆ ಬಿಟ್ಟದ್ದಕ್ಕೆ ಕನ್ನಡದಲ್ಲಿ ಇನ್ನೊಂದು ಪದ ಇದೆ. ಬಹಳ ಗೌರವದ ಪದ. ಧ್ವನಿ. ಅದನ್ನು ಹೊಸಗನ್ನಡದ ಓದುಗರಿಗೆ ತಿಳಿಯಾಗಿ ಬಿಡಿಸಿ ಹೇಳಿದವರು ನಮ್ಮ ತೆಂಗಿನ ಸೀಮೆಯವರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು. ಅವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂತು. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಹೇಳಿದ್ದನ್ನು, ಬಾಯಿಪಾಠದ ಸಂಸ್ಕೃತ ಇಲ್ಲದ ನನ್ನಂಥವನಿಗೂ ಹತ್ತುವ ಹಾಗೆ ಆ ಪುಸ್ತಕ ಹೇಳುತ್ತದೆ. ಕಾವ್ಯದಲ್ಲಿ ಮಾತು ನೇರವಾಗಿ ಹೇಳುವ ಅರ್ಥ ವಾಚ್ಯ. ಹೇಳದೆಯೇ ಹೊಳೆಯಿಸುವ ಅರ್ಥ ವ್ಯಂಗ್ಯ. ಹೊಳೆಯಿಸಿದ ಅರ್ಥವೇ ಮೇಲಾದಾಗ ಅದು ಧ್ವನಿ, ಅದೇ ಕಾವ್ಯದ ಆತ್ಮ. ಕವಿರಾಜಮಾರ್ಗಕ್ಕೂ ಧ್ವನಿ ಗೊತ್ತಿತ್ತು, ಆದರೆ ಅಲ್ಲಿ ಅದು ಹಲವು ಅಲಂಕಾರಗಳಲ್ಲಿ ಒಂದು. ಅಂದರೆ ನಮ್ಮ ಮೊದಲ ಗ್ರಂಥದಲ್ಲೇ ಹೇಳದೆ ಬಿಡುವ ಎರಡು ದಾರಿಗಳೂ ಇವೆ: ಒಂದು ಧ್ವನಿ, ಒಂದು ಆದಿ. ಮೊದಲನೆಯದು ಬೆಲೆಯುಳ್ಳದ್ದು ಅಂತ ಮುಚ್ಚಿಡುತ್ತದೆ. ಎರಡನೆಯದು ಇಷ್ಟು ಸಾಕು ಅಂತ ಬಿಟ್ಟುಬಿಡುತ್ತದೆ. ಮೊದಲನೆಯದರ ಮೇಲೆ ಒಂದು ಶಾಸ್ತ್ರವೇ ಹುಟ್ಟಿತು.

ಆ ಶಾಸ್ತ್ರದಲ್ಲಿ ಒಂದು ಹೆಸರಾದ ಉದಾಹರಣೆ ಇದೆ: 'ಸೂರ್ಯ ಮುಳುಗಿದ' ಎಂಬ ಒಂದು ಸಾಮಾನ್ಯ ವಾಕ್ಯ. ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ಅದರ ಹೇಳದ ಅರ್ಥ ಬೇರೆ ಬೇರೆ ಆಗುತ್ತದೆ. ಶತ್ರುವಿನ ಮೇಲೆ ಬೀಳುವ ಸಮಯ ಬಂತು, ಸಂಧ್ಯಾವಂದನೆಗೆ ಹೊತ್ತಾಯಿತು, ದನ ಒಳಗೆ ಕಟ್ಟಿ, ನಲ್ಲ ಇನ್ನೂ ಬರಲಿಲ್ಲ, ಕೆಲಸ ನಿಲ್ಲಿಸೋಣ. ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಇಂಥ ಅರ್ಥಗಳನ್ನು ಪಟ್ಟಿ ಮಾಡಿ, ಇವಕ್ಕೆ ಕೊನೆ ಇಲ್ಲ ಅಂತ ಕಡೆಗೆ ಒಂದು ಇತ್ಯಾದಿ ಹಾಕುತ್ತಾನೆ. (ಧ್ವನಿಯ ಬಾಲದಲ್ಲೂ ಇತ್ಯಾದಿ!) ಪಟ್ಟಿಯಲ್ಲಿ 'ಕೆಲಸ ನಿಲ್ಲಿಸೋಣ' ಇರುವುದನ್ನು ನೋಡಿ ನನಗೆ ಸಂತೋಷವಾಯಿತು. ಕಾವ್ಯಶಾಸ್ತ್ರದೊಳಕ್ಕೆ ಯಾರೋ ಒಬ್ಬ ಕೆಲಸದವನು ಬಂದಿದ್ದಾನೆ.

ಈಗ ಆ ವಾಕ್ಯವನ್ನು ತೋಟಕ್ಕೆ ತರೋಣ. ಮಧ್ಯಾಹ್ನದಿಂದ ಗೂಟದ ಮುಂದೆ ನಿಂತು ಕಾಯಿ ಸುಲಿಯುತ್ತಿರುವವನು ತೋಟದ ಯಜಮಾನನಿಗೆ 'ನಂಗೆ ಸಾಕಾಯ್ತು, ಕೈ ಬೊಬ್ಬೆ ಬಂದೈತೆ, ಬಿಟ್ಬುಡಿ' ಅಂತ ಹೇಳುವ ಹಾಗಿಲ್ಲ. ಅವನು ಹೇಳುವುದು ಇಷ್ಟು:

'ಹೊತ್ತು ಮುಳುಗ್ತು ಯಜಮಾನ್ರೆ.'

ಯಜಮಾನ ಹೇಳುವುದು ಇಷ್ಟು:

'ಹೂಂ ಕಣ್ಲಾ, ಇನ್ನೊಂದು ನೂರು ಕಾಯಿ ಐತೆ, ಸುಲ್ದಾಕ್ಬುಡು.'

ಶಾಸ್ತ್ರದ ಪ್ರಕಾರ ಇಲ್ಲಿ ಎಲ್ಲವೂ ಸರಿಯಾಗಿದೆ. ಹೇಳಿದ್ದು ಒಂದು, ಹೊಳೆಯಿಸಿದ್ದು ಇನ್ನೊಂದು. ಕೇಳಿದವನಿಗೆ ಅರ್ಥವೂ ಹೊಳೆದಿದೆ. ಹೊಳೆಯದಿದ್ದರೆ 'ಹೂಂ' ಅನ್ನುತ್ತಿರಲಿಲ್ಲ. ಆದರೆ ಹೇಳಲಿಲ್ಲವಾದ್ದರಿಂದ ಕೇಳಿಸಲಿಲ್ಲ ಅಂತ ನಟಿಸುವ ಹಕ್ಕು ಅವನಿಗೆ ಉಳಿಯಿತು. ಧ್ವನಿಗೆ ಸಹೃದಯ ಬೇಕು ಎಂದು ಮೀಮಾಂಸಕರು ಹೇಳಿದ್ದು ನಿಜ. ಸಹೃದಯ ಯಜಮಾನನಾಗಿದ್ದರೆ ಏನು ಮಾಡಬೇಕು ಎಂದು ಅವರು ಹೇಳಲಿಲ್ಲ. ನಾನು ಹೇಳಬೇಕಾದದ್ದರ ತಿರುಳು ಇಲ್ಲಿದೆ. ನಮ್ಮ ಜನಕ್ಕೆ ಧ್ವನಿ ಗೊತ್ತಿಲ್ಲದ ವಿದ್ಯೆಯಲ್ಲ. ತಲತಲಾಂತರದಿಂದ ಧ್ವನಿಯಲ್ಲೇ ಬದುಕಿದವರು ಅವರು. ಕೂಲಿ ಕೇಳಬೇಕಾದರೆ 'ಮಗೀಗೆ ಜ್ವರ' ಅಂತ ಹೇಳಿದವರು. ಹಸಿವು ಅನ್ನುವುದನ್ನು 'ಬೆಳಿಗ್ಗೆ ಬಂದಿದ್ದು' ಅಂತ ಹೇಳಿದವರು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನ ಗಿಟುಕು ಬಿಟ್ಟಿದೆಯೋ ಇಲ್ಲವೋ ಅಂತ ಸದ್ದಿನಲ್ಲೇ ಹೇಳುವ ಕಿವಿ ಅವರದು. ಅವರಿಗೆ ಕೈಗೆ ಎಟುಕದೆ ಇದ್ದದ್ದು, ಮೈಮೇಲೆ ಬೀಳುತ್ತದೆ ಅಂತ ಹೆದರಿಸಿ ಇಟ್ಟಿದ್ದದ್ದು, ವಾಚ್ಯ.

1970, 80ರ ದಶಕಗಳಲ್ಲಿ ದಲಿತ ಬಂಡಾಯ ಕಾವ್ಯದ ಮೇಲೆ ಬಂದ ಆಪಾದನೆಗಳನ್ನು ಈಗ ಮತ್ತೆ ಓದಬೇಕು. ಆಪಾದನೆ ಒಂದೇ: ವಾಚ್ಯವಾಯಿತು. ಘೋಷಣೆಯಾಯಿತು. ಕಾವ್ಯ ಪಿಸುಗುಡಬೇಕು, ಇದು ಕೂಗುತ್ತದೆ. ಹಾಗೆ ಬರೆದವರಲ್ಲಿ ಕೆಟ್ಟವರೂ ಇದ್ದರು, ಒಳ್ಳೆಯವರೂ ಇದ್ದರು. ಕೆಲವು ಪದ್ಯಗಳು ಬರೀ ಘೋಷಣೆಯಾಗಿ ಸತ್ತದ್ದೂ ನಿಜ. ಸತ್ತ ಪದ್ಯಗಳಿಗೆ ನಾನು ವಕೀಲನಲ್ಲ. ಆದರೆ ಆ ವಿಮರ್ಶೆ ಒಂದು ವಿಷಯವನ್ನು ನೋಡಲಿಲ್ಲ. ಯಾರಿಗೆ ಒಂದು ಹೆಸರು, ಒಂದು ಖಾತೆ, ಒಂದು ಕಾಲಂ ಮೊದಲೇ ಇರುತ್ತದೋ ಅವನು ಹೇಳದೆ ಬಿಟ್ಟರೆ ಅದು ಧ್ವನಿ. ವಗೈರೆಯಲ್ಲಿರುವವನು ಹೇಳದೆ ಬಿಟ್ಟರೆ ಅದು ವಗೈರೆಯಾಗಿಯೇ ಉಳಿಯುತ್ತದೆ. ಅವನ ಪಾಲಿಗೆ ವಾಚ್ಯ ಎನ್ನುವುದು ಕಾವ್ಯದ ಕೆಳಗಿನ ಮೆಟ್ಟಿಲಲ್ಲ, ಬಾಗಿಲು. ಸಿದ್ಧಲಿಂಗಯ್ಯನವರ ಮೊದಲ ಸಂಕಲನ 1975ರಲ್ಲಿ ಬಂದಾಗ ಅದರ ಹೆಸರು 'ಹೊಲೆಮಾದಿಗರ ಹಾಡು'. ಪದ್ಯಗಳ ಮಾತು ಆಮೇಲೆ, ಹೊದಿಕೆಯ ಮೇಲಿನ ಹೆಸರನ್ನೇ ಓದಿ. ಅಲ್ಲಿಯ ತನಕ ಮುಂತಾದವರ ಹಿಂದೆ ನಿಂತಿದ್ದ ಎರಡು ಜಾತಿಗಳ ಹೆಸರನ್ನು, ಬೈಗುಳವಾಗಿ ಮಾತ್ರ ಬಾಯಲ್ಲಿ ಬರುತ್ತಿದ್ದ ಹೆಸರನ್ನು, ಪುಸ್ತಕದಂಗಡಿಗೆ ಹೋದವನು ಬಾಯಿಬಿಟ್ಟು ಕೇಳಬೇಕಾಯಿತು. 'ಹೊಲೆಮಾದಿಗರ ಹಾಡು ಇದೆಯೇ?' ಅಂತ. ಕನ್ನಡದ ಒಂದು ವ್ಯಾಕರಣ ಆವತ್ತು ತಲೆಕೆಳಗಾಯಿತು. ಸಾಲಿನ ಹಿಂದೆ ಇದ್ದದ್ದು ಮೊದಲಾಯಿತು.

1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನವನ್ನೂ ಈ ಬೆಳಕಿನಲ್ಲೇ ನೋಡಬೇಕು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದ್ದಕ್ಕೆ ಬೇಡ ಎಂಬ ಉತ್ತರ ಬಂತು. ಸಾಹಿತ್ಯದಲ್ಲಿ ಅಂಥ ಭೇದ ಯಾಕೆ, ಎಲ್ಲವೂ ಸಾಹಿತ್ಯವೇ ಅಲ್ಲವೇ ಎನ್ನುವುದು ಆ ಕಡೆಯ ತರ್ಕ. ಕೇಳುವುದಕ್ಕೆ ಎಷ್ಟು ಉದಾರವಾಗಿದೆ! ಎಲ್ಲವೂ ಸಾಹಿತ್ಯವೇ, ಆದ್ದರಿಂದ ನೀವು ಮುಂತಾದವುಗಳಲ್ಲಿ ಇದ್ದೀರಿ, ಇದ್ದೀರಲ್ಲ, ಸುಮ್ಮನಿರಿ. ಅದೇ ವರ್ಷ ಮಾರ್ಚ್ 10, 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು.

ಆಮೇಲೆ ಏನಾಯಿತು ಎನ್ನುವುದನ್ನು ಮುಚ್ಚಿಡುವುದು ಅಪ್ರಾಮಾಣಿಕತನ. ವಗೈರೆಯ ವಿರುದ್ಧ ಎದ್ದವರು ನಮ್ಮದೇ ವಗೈರೆಗಳನ್ನು ಕಟ್ಟಿಕೊಂಡೆವು. 'ದಲಿತರು, ರೈತರು, ಕಾರ್ಮಿಕರು, ಮಹಿಳೆಯರು, ಅಲ್ಪಸಂಖ್ಯಾತರು ಮುಂತಾದ ಶೋಷಿತ ವರ್ಗಗಳು' ಎಂಬ ವಾಕ್ಯ ನಮ್ಮ ಕರಪತ್ರಗಳಲ್ಲಿ ಎಷ್ಟು ಸಲ ಬಂದಿದೆ! ಅಲ್ಲಿ ಮುಂತಾದ ಎಂದರೆ ಯಾರು ಅಂತ ನಮ್ಮನ್ನೇ ಕೇಳಿದರೆ ನಾವೂ ತಡವರಿಸುತ್ತೇವೆ. ಹೆಂಗಸರ ವಿಷಯ ಬಂದರೆ ಇನ್ನೂ ಕಷ್ಟ. ಕಚೇರಿ ಅವಳನ್ನು ಇಂಥವನ 'ಕೋಂ' ಎಂದು ಗಂಡನ ಹೆಸರಿಗೆ ಗಂಟು ಹಾಕಿತು. ನಮ್ಮ ಸಭೆಯ ವರದಿಗಳು ಅದನ್ನೂ ಮಾಡಲಿಲ್ಲ. ಅಡಿಗೆ ಮಾಡಿ ಬಡಿಸಿ ನೂರು ಜನರ ಶಿಬಿರ ನಡೆಸಿದವಳು ವರದಿಯಲ್ಲಿ 'ಗ್ರಾಮಸ್ಥರು ಮುಂತಾದವರ ಸಹಕಾರದಿಂದ' ಆದಳು.

ನಮ್ಮ ವಗೈರೆಗೂ ಒಂದು ವಗೈರೆ ಇದೆ ಎಂದು ತೋರಿಸಿದವರು ತುಮಕೂರಿನಲ್ಲಿ ಬದುಕಿ ಬರೆದ ಕೆ.ಬಿ. ಸಿದ್ದಯ್ಯನವರು. 2019ರಲ್ಲಿ ತೀರಿಕೊಂಡರು. 'ದಕ್ಲಕಥಾದೇವಿ' ಎಂದು ಅವರು ಕಾವ್ಯಕ್ಕೆ ಹೆಸರಿಟ್ಟಾಗ ನಮ್ಮ ಕಡೆಯ ಓದುಗರಲ್ಲೂ ಹಲವರಿಗೆ ದಕ್ಲರು ಯಾರು ಅಂತ ಹೇಳಿಕೊಡಬೇಕಾಯಿತು. ಮಾದಿಗರ ಕುಲದ ಕಥೆ ಹೇಳಿ ಬದುಕುವವರು, ಮಾದಿಗರ ಮನೆಯ ಒಳಕ್ಕೂ ಸೇರದವರು, ಅಸ್ಪೃಶ್ಯರಿಗೂ ಅಸ್ಪೃಶ್ಯರು. ಊರಿನ ಪಟ್ಟಿಯಲ್ಲಿ ಕೇರಿ ಕಡೆಗೆ ಬಂದರೆ ಕೇರಿಯ ಪಟ್ಟಿಯಲ್ಲಿ ಅವರು ಬರಲೇ ಇಲ್ಲ. ಇನ್ನೊಬ್ಬರ ವಂಶದ ಹೆಸರುಗಳನ್ನೆಲ್ಲ ಬಾಯಲ್ಲಿ ಇಟ್ಟುಕೊಂಡು ತಿರುಗಿದ ಜನಕ್ಕೆ ಯಾರ ಬಾಯಲ್ಲೂ ಹೆಸರಿರಲಿಲ್ಲ.

ಕೊನೆಯದಾಗಿ ಆ 'ಆದಿ'ಗೆ ಬರುತ್ತೇನೆ. ಯಾಕೆಂದರೆ ಈಗ ನಮ್ಮ ಕೇರಿಗಳಲ್ಲಿ ಸುಡುತ್ತಿರುವುದು ಅದೇ. ಸಂಸ್ಕೃತದಲ್ಲಿ ಆದಿ ಹೆಸರಿನ ಮುಂದೆ ಕೂತರೆ ಮೂಲದವನು. ಹೆಸರಿನ ಹಿಂದೆ ಕೂತರೆ ಮಿಕ್ಕವರು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳ ಬದಲು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಕಾಗದಕ್ಕೆ ಬಂದವು. ಗೌರವದ ಉದ್ದೇಶವೇ. ಈ ನೆಲದ ಮೊದಲಿಗರು ನಾವು ಎಂದು ಹೇಳಿಕೊಳ್ಳುವುದರಲ್ಲಿ ಒಂದು ಕೆಚ್ಚೂ ಇತ್ತು. ಆದರೆ ಯಾರು ಆದಿ ಕರ್ನಾಟಕ, ಯಾರು ಆದಿ ದ್ರಾವಿಡ ಎಂಬುದು ಒಂದು ಜಿಲ್ಲೆಯಲ್ಲಿ ಒಂದು ಥರ, ಇನ್ನೊಂದು ಜಿಲ್ಲೆಯಲ್ಲಿ ಇನ್ನೊಂದು ಥರ ಬರೆಯಲ್ಪಟ್ಟಿತು. ಒಂದು ಕಡೆ ಮಾದಿಗ ಎ.ಕೆ., ಮತ್ತೊಂದು ಕಡೆ ಹೊಲೆಯ ಎ.ಕೆ. ಮುಂದೆ ಕೂರಲು ಬಂದ ಆದಿ ಮೆಲ್ಲಗೆ ಹಿಂದಕ್ಕೆ ಸರಿದು ಇತ್ಯಾದಿಯ ಆದಿಯಾಯಿತು. ಬೈಗುಳದ ಹೆಸರನ್ನು ಮುಚ್ಚಲು ಬಂದ ಪದ ಜನರನ್ನೇ ಮುಚ್ಚಿತು. ಮೀಸಲಾತಿಯ ಒಳಗೆ ಯಾರಿಗೆ ಎಷ್ಟು ಸಿಕ್ಕಿದೆ ಎಂಬ ಪ್ರಶ್ನೆ ಎದ್ದಾಗ ಕಾಗದದಲ್ಲಿ ಉತ್ತರ ಇರಲಿಲ್ಲ. ಎಲ್ಲರೂ ಎ.ಕೆ.

ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2005ರಲ್ಲಿ ಶುರುವಾಗಿ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಎಂದಿತು. ಆಮೇಲೆ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಮೇ ತಿಂಗಳಿಂದ ಮನೆಮನೆಗೂ ಗಣತಿಯವರನ್ನು ಕಳಿಸಿ 101 ಜಾತಿಗಳ ಹೆಸರನ್ನು ಒಂದೊಂದಾಗಿ ಕೇಳಿಸಿತು. ಆಗಸ್ಟ್ 4ರಂದು ವರದಿ ಕೊಟ್ಟಿತು. ಆಯೋಗ ಹೇಳಿದ್ದ ಐದು ಗುಂಪುಗಳನ್ನು ಸಚಿವ ಸಂಪುಟ ಅದೇ ತಿಂಗಳು 19ರಂದು ಮೂರು ಮಾಡಿ ಆರು, ಆರು, ಐದು ಎಂದು ಹಂಚಿತು. ಹಂಚಿಕೆ ಸರಿಯೇ ತಪ್ಪೇ ಎಂಬುದು ಬೇರೆ ಲೇಖನದ ವಿಷಯ. ನನ್ನ ಮಟ್ಟಿಗೆ ಹೆಸರು ಕೇಳಿದ್ದೇ ದೊಡ್ಡದು. ವಗೈರೆಯ ಬಾಗಿಲು ತಟ್ಟಿ 'ಒಳಗೆ ಯಾರಿದ್ದೀರಿ?' ಎಂದು ಸರ್ಕಾರದ ಕಾಗದ ಕೇಳಿತು.

ಉತ್ತರ ಬಂತು. ಆದರೆ 4.7 ಲಕ್ಷಕ್ಕೂ ಹೆಚ್ಚು ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬಷ್ಟನ್ನೇ ಹೇಳಿ ಮೂಲ ಜಾತಿಯ ಹೆಸರು ಹೇಳದೆ ಬಿಟ್ಟರು.

ನಮ್ಮ ಗೆಳೆಯರಲ್ಲಿ ಕೆಲವರಿಗೆ ಇದರಿಂದ ಸಿಟ್ಟು ಬಂತು. ಇಷ್ಟು ವರ್ಷ ಹೋರಾಡಿ ಹೆಸರು ಹೇಳುವ ಅವಕಾಶ ತಂದರೆ ಇವರು ಹೇಳುವುದಿಲ್ಲವಲ್ಲ ಎಂದು. ಸಿಟ್ಟಿಗೆ ಕಾರಣ ಇದೆ. ಹೇಳದವರ ಪಾಲು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂಬ ಪ್ರಶ್ನೆ ಅನ್ನದ ಪ್ರಶ್ನೆ. ಆದರೂ ವಿಮರ್ಶಕನ ಕೆಲಸ ಆ ಉತ್ತರವನ್ನು ಓದುವುದು. 'ಎ.ಕೆ. ಅಂತಲೇ ಬರ್ಕಳಿ ಸಾ' ಎಂಬ ಮಾತು 'ಹೊತ್ತು ಮುಳುಗ್ತು' ಎಂಬ ಮಾತಿನ ಹಾಗೆಯೇ ಯಾರು, ಯಾರಿಗೆ, ಎಲ್ಲಿ ನಿಂತು ಹೇಳಿದರು ಎಂಬುದರ ಮೇಲೆ ನಿಂತಿದೆ. ತಿಪಟೂರಿನಲ್ಲಿ ಬಾಡಿಗೆ ಮನೆ ಹಿಡಿದಿರುವ ಮೇಷ್ಟ್ರು ಹೇಳಿದರೆ: ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಿದ್ದಾರೆ, ಮೆಲ್ಲಗೆ ಮಾತಾಡಿ. ಮುದುಕಿಯೊಬ್ಬಳು ಹೇಳಿದರೆ: ಆ ಹೆಸರನ್ನು ಇಷ್ಟು ದಿನ ಬೈಯಲಿಕ್ಕೇ ಕೇಳಿದ್ದೀರಿ, ಈಗ ನಾನೇ ನನ್ನ ಬಾಯಿಂದ ಹೇಳಬೇಕೇ. ಕಾಲೇಜು ಓದುವ ಹುಡುಗ ಹೇಳಿದರೆ: ನನ್ನ ಟಿ.ಸಿ.ಯಲ್ಲಿ ಇರುವುದೇ ಅದು, ಬೇರೆ ಬರೆದರೆ ನಾಳೆ ಸರ್ಟಿಫಿಕೇಟು ಒಪ್ಪುತ್ತಾರೋ ಇಲ್ಲವೋ. ಹಳೆಯ ಸಂಘಟನೆಯವನು ಹೇಳಿದರೆ: ನಮ್ಮನ್ನು ಒಡೆಯಬೇಡಿ. ಎ.ಕೆ. ಕಾಲೋನಿಯಲ್ಲೇ ಹುಟ್ಟಿ ಬೆಳೆದ ಹೆಂಗಸು ಹೇಳಿದರೆ: ನಮ್ಮಪ್ಪ ನಂಗೆ ಹೇಳಿಕೊಟ್ಟ ಹೆಸರು ಇದೊಂದೇ, ಇದರ ಹಿಂದೆ ಇನ್ನೊಂದು ಇದೆ ಅಂತ ನನಗೆ ನಿಜವಾಗಿಯೂ ಗೊತ್ತಿಲ್ಲ. ಪ್ಯಾಂಟು ಷರಟು ಹಾಕಿ ಗಣತಿಗೆ ಬಂದವನ ಹೆಸರಿನಲ್ಲೇ ಅವನ ಜಾತಿ ಗೊತ್ತುಹಚ್ಚಿದವನು ಹೇಳಿದರೆ: ಮೊದಲು ನಿಮ್ಮದು ಹೇಳಿ ಸ್ವಾಮಿ.

ಆಯೋಗದ ಲೆಕ್ಕದಲ್ಲಿ ಇವರೆಲ್ಲ ಕೂತದ್ದು ಒಂದೇ ಗುಂಪಿನಲ್ಲಿ.